ಸಿಮೆಂಟಿನ ಮೇಲೆ ಸಾರಣೆ

ಮಕ್ಕಳೇ, ನಾನು ಮಾಡಿದ ಕೆಲಸ ಮರುದಿನದವರೆಗೆ ಉಳಿದದ್ದು ಬಹಳ ಕಡಿಮೆ. ಬೆಳಿಗ್ಗೆ ಬಡಿದ ರೊಟ್ಟಿ ಸಂಜೆಯೊಳಗೆ ಯಾರ್ಯಾರದೋ ಹೊಟ್ಟೆ ಸೇರುತ್ತದೆ. ಬಾಗಿಲಿಗೆ ಹಾಕಿದ ರಂಗೋಲಿಯ ಮೇಲೆ ಹಾಲಿನವನ ಸೈಕಲ್ಲು ಹಾಯುತ್ತದೆ. ಅವನು ಉಳಿಸಿದ್ದನ್ನು ಪಕ್ಕದ ಮನೆಯ ಕೋಳಿ ಕೆದರುತ್ತದೆ. ಸಗಣಿಯಿಂದ ಸಾರಿಸಿದ ನೆಲ ಇನ್ನೂ ಒಣಗಿರುವುದಿಲ್ಲ, ಅಷ್ಟರಲ್ಲಿ ಒಬ್ಬರು ಕಾಲಿಟ್ಟಿರುತ್ತಾರೆ. ಇದಕ್ಕೆಲ್ಲ ನನಗೇನೂ ದುಃಖವಿಲ್ಲ. ರೊಟ್ಟಿ ಉಳಿದುಬಿಟ್ಟರೆ ದುಃಖಪಡಬೇಕು, ಅಷ್ಟೆ.

ಈ ಮಾತು ಈಗ ನೆನಪಾದದ್ದು ನಿಮ್ಮ ಮಾಮನ ಮಗಳು ಕಾವ್ಯಾಳಿಂದ. ಅವಳು ಇಲ್ಲಿನ ಹೈಸ್ಕೂಲಿನಲ್ಲಿ ಗೌಂಡಿ ಕೆಲಸ ಕಲಿಯುತ್ತಿದ್ದಾಳೆಂದು ಕೇಳಿ, ಹುಬ್ಬಳ್ಳಿಯಲ್ಲಿರುವ ನೀವು ಫೋನಿನಲ್ಲಿ ಬಿದ್ದು ಬಿದ್ದು ನಕ್ಕಿರಿ. ನಕ್ಕದ್ದಕ್ಕೆ ಬೇಸರವಿಲ್ಲ. ಮೊದಲ ದಿನ ನಾನೂ ಸೆರಗಿನೊಳಗೆ ನಕ್ಕಿದ್ದೆ. ಆದರೆ ಪೂರ್ತಿ ಸುದ್ದಿ ನಿಮಗೆ ಗೊತ್ತಿಲ್ಲ. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಒಂಬತ್ತನೆಯ ತರಗತಿಯ ಮಕ್ಕಳಿಗೆ ಕನ್ನಡ, ಗಣಿತದ ಜೊತೆಗೆ ಇಟ್ಟಿಗೆ ಇಡುವುದು, ಅದರ ಮೇಲೆ ಸಿಮೆಂಟು ಬಳಿದು ಗಿಲಾವು ಮಾಡುವುದು, ನಲ್ಲಿ ಜೋಡಿಸುವುದು ಇವನ್ನೆಲ್ಲ ಈಗ ಕಲಿಸುತ್ತಾರೆ. ಕಲಿಸಲು ಮಂಜುನಾಥ ಎಂಬ ಹರೆಯದ ಮಾಸ್ತರರು ಬಂದಿದ್ದಾರೆ. ಬಿಳಿ ಅಂಗಿ ಹಾಕಿಕೊಂಡು ಶಾಲೆಗೆ ಬರುತ್ತಾರೆ, ಉಸುಕಿನ ಬಣ್ಣದ ಅಂಗಿಯಲ್ಲಿ ಮನೆಗೆ ಹೋಗುತ್ತಾರೆ. ಕಾವ್ಯಾಳಂತೂ ಮೂರು, ನಾಲ್ಕು, ಐದರ ಅಳತೆಗೆ ದಾರ ಹಿಡಿದು ಮೂಲೆ ಮಟ್ಟಸವಿದೆಯೋ ಇಲ್ಲವೋ ನೋಡುವುದನ್ನು ಕಲಿತದ್ದೇ ತಡ, ಮನೆಯ ಮೂಲೆಮೂಲೆಯನ್ನೂ ಅಳೆಯತೊಡಗಿದಳು.

"ಆಯಿ, ನಿನ್ನ ಅಡಿಗಿಮನಿ ಸೊಟ್ಟ ಐತಿ."

"ಇರಲೇಳು, ರೊಟ್ಟಿ ದುಂಡಗ ಬರತಾವಲ್ಲ" ಎಂದೆ.

ಒಂದು ದಿನ ಅವಳು ಮುಖ ಊದಿಸಿಕೊಂಡು ಬಂದಳು. ಅವಳೂ ಅವಳ ಇಬ್ಬರು ಗೆಳತಿಯರೂ ಶಾಲೆಯ ಹಿಂದೆ ಎದೆಯೆತ್ತರದ ಗೋಡೆ ಕಟ್ಟಿದ್ದರಂತೆ. ಮಾಸ್ತರರು ನೋಡಿ, ಚಂದ ಐತಿ ಎಂದು ಹೊಗಳಿ, ಇನ್ನು ಕೆಡವಿರಿ ಎಂದರಂತೆ. ಇಟ್ಟಿಗೆ ಇರುವುದು ಅಷ್ಟೇ, ನಾಳೆ ಬೇರೆ ಮಕ್ಕಳು ಕಟ್ಟಬೇಕು. ಕೆಡವಲು ಸುಲಭವಾಗಲಿ ಎಂದೇ ಸಿಮೆಂಟಿನ ಬದಲು ಕೆಸರಿನಲ್ಲಿ ಕಟ್ಟಿಸುತ್ತಾರೆ.

"ಕೆಡವೂದಕ್ಕಂತ ಯಾರರ ಕಟ್ಟತಾರೇನು ಆಯಿ?" ಎಂದು ಅತ್ತಳು.

ನಾನು ರೊಟ್ಟಿಯ ಮಾತು ಹೇಳಿ ಸಮಾಧಾನ ಮಾಡಲು ನೋಡಿದೆ. ಹದಿನಾಲ್ಕರ ಹುಡುಗಿಗೆ ಅಂಥ ವೇದಾಂತ ರುಚಿಸುವುದಿಲ್ಲ. ಆಗ ನನ್ನ ತವರು ಲಕ್ಕುಂಡಿಯ ಬಾವಿಗಳು ನೆನಪಾದವು. ಸಣ್ಣವಳಿದ್ದಾಗ ಅವುಗಳ ಮೆಟ್ಟಿಲ ಮೇಲೆ ಕೂತು ಹುಣಸೆ ಬೀಜ ಆಡುತ್ತಿದ್ದೆವು. ಅಷ್ಟು ಸೊಗಸಾಗಿ ಕಟ್ಟಿದವರಲ್ಲೂ ಕಲಿಯುವವರು ಇದ್ದಿರಲೇಬೇಕು. ಹುಟ್ಟುವಾಗಲೇ ಕೈಯಲ್ಲಿ ಉಳಿ ಹಿಡಿದು ಬಂದವರು ಯಾರಿದ್ದಾರೆ? ಅವರು ಮೊದಮೊದಲು ಕೆತ್ತಿದ ಸೊಟ್ಟ ಕಲ್ಲುಗಳನ್ನು ಏನು ಮಾಡಿದರು? ಕಣ್ಣಿಗೆ ಬೀಳದ ಹಾಗೆ ಗೋಡೆಯ ಒಳಗೆ ಸೇರಿಸಿರಬೇಕೆಂದು ನನ್ನ ಅನುಮಾನ. ನೋಡಲು ಬರುವವರು ಹೊರಗಿನ ಚಂದದ ಕಲ್ಲುಗಳ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಒಳಗಿನವು ಸುಮ್ಮನೆ ಭಾರ ಹೊತ್ತು ನಿಂತಿವೆ.

ಅಂದೇ ನನ್ನ ಬಾಯಿಂದ ಬಂದುಬಿಟ್ಟಿತು: "ನಮ್ಮ ಬಾಗಲಾ ಮುಂದಿನ ಕಟ್ಟಿ ಬಿದ್ದೈತಲ್ಲ, ನೀವು ಮೂವರೂ ಕೂಡಿ ಅದನ್ನ ಕಟ್ರಿ. ಅದನ್ಯಾರೂ ಕೆಡವೂದಿಲ್ಲ."

ನಮ್ಮ ಮನೆಯ ಮುಂದಿನ ಕಟ್ಟೆ ಹಿಂದಿನ ಮಳೆಗಾಲದಲ್ಲಿ ಕುಸಿದಿತ್ತು. ನಿಮ್ಮ ಅಜ್ಜ ಇದ್ದಾಗ ಅದು ಗಂಡಸರ ಜಾಗ. ಮಳೆ, ಪೇಟೆ, ರಾಜಕೀಯ ಎಲ್ಲ ಅಲ್ಲೇ ತೀರ್ಮಾನವಾಗುತ್ತಿದ್ದವು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡವಳು. ಅವರು ಹೋದ ಮೇಲೆ ಅಲ್ಲಿ ಕೂಡಲು ಯಾರೂ ಬೇಡವೆನ್ನಲಿಲ್ಲ; ಕಸ, ರಂಗೋಲಿಯ ಕೆಲಸವಿಲ್ಲದೆ ಸುಮ್ಮನೆ ಕೂಡಲೆಂದು ಹೊಸ್ತಿಲು ದಾಟಲು ನನಗೇ ಕಾಲು ಬರಲಿಲ್ಲ.

ಮಾಸ್ತರರು ಸಂತೋಷದಿಂದ ಒಪ್ಪಿದರು, ಇದನ್ನೇ ಮಕ್ಕಳ ಪರೀಕ್ಷೆಯ ಕೆಲಸವೆಂದು ಎಣಿಸುವೆ ಎಂದರು. ಒಪ್ಪದವನು ನನ್ನ ಮಗ, ನಿಮ್ಮ ಮಾಮ ಬಸವರಾಜ. ಮಗಳು ಗಿಲಾವು ಬಳಿಯುವ ಕರಣಿ ಹಿಡಿಯುವುದು ಅವನಿಗೆ ಮೊದಲಿನಿಂದಲೂ ಸರಿ ಬಂದಿರಲಿಲ್ಲ.

"ಇಟ್ಟಂಗಿ, ಸಿಮೆಂಟು ತರಸ್ತೀನಿ. ಆದರ ಕಟ್ಟಿ ನೆಟ್ಟಗ ಬರಲಿಲ್ಲಂದ್ರ ಇದ ಕಡೀದು. ಮುಂದಿನ ವರ್ಷ ಲಕ್ಷ್ಮೇಶ್ವರದ ಸಾಲಿಗೆ ಹೋಗಿ ಕಂಪ್ಯೂಟರ್ ಕಲೀಬೇಕು" ಎಂದ.

"ನೆಟ್ಟಗ ಬಂದ್ರ?" ಎಂದಳು ಕಾವ್ಯಾ.

"ಬಂದ್ರ ಆಮ್ಯಾಲೆ ನೋಡೂಣು."

ನಿಮ್ಮ ಮಾಮನ ಬಾಯಲ್ಲಿ ನೋಡೋಣ ಎಂದರೆ ಇಲ್ಲ ಎಂದೇ ಅರ್ಥ. ಆದರೂ ಮೂವರು ಹುಡುಗಿಯರೂ ಓಢಣಿ ಸೊಂಟಕ್ಕೆ ಬಿಗಿದು ನಿಂತರು. ಮಾಸ್ತರರು ಎದುರಿಗೆ ನಿಂತು ಹೇಳುತ್ತಿದ್ದರೇ ಹೊರತು ಇಟ್ಟಿಗೆ ಮುಟ್ಟಲಿಲ್ಲ. ಒಂದು ಸಾಲು ಓರೆಯಾಯಿತೆಂದು ಬಿಚ್ಚಿಸಿದರು, ಮತ್ತೆ ಇಡಿಸಿದರು. ಹಾದುಹೋಗುವವರು ನಿಂತು "ಏನವ್ವ, ನಮ್ಮ ಮನಿಗೂ ಬರತೀರೇನು?" ಎಂದು ಚೇಷ್ಟೆ ಮಾಡಿದರೆ, ಕಾವ್ಯಾ ತಲೆ ಎತ್ತದೆ "ಮೊದಲ ಪಾಳಿ ಹಚ್ರಿ ಕಾಕಾ" ಎನ್ನುತ್ತಿದ್ದಳು. ನಾನು ಬಾಗಿಲ ಸಂದಿಯಿಂದ ಚಹಾ ಸರಿಸುತ್ತಿದ್ದೆ.

ಕೊನೆಯ ದಿನ ಇಳಿಹೊತ್ತಿಗೆ ಮೇಲಿನ ಗಿಲಾವು ಮುಗಿಯಿತು. ಕನ್ನಡಿಯ ಹಾಗೆ ನುಣುಪು! ನಾಳೆ ಬಂದು ನೋಡುವೆ ಎಂದು ಮಾಸ್ತರರು ಹೋದರು. ಗೆಳತಿಯರೂ ಹೋದರು, ಕಾವ್ಯಾ ಕೈಕಾಲು ತೊಳೆಯಲು ಹಿತ್ತಲಿಗೆ ಹೋದಳು.

ದೀಪ ಹಚ್ಚುವ ಹೊತ್ತಾಗಿತ್ತು. ನಾನು ಹೊರಗೆ ಬಂದು ನೋಡಿದರೆ ಹೊಸ ಕಟ್ಟೆಯ ಮೇಲೆ ಜಾಲಿಯ ಮುಳ್ಳಿನ ಟೊಂಗೆ! ದೀಪ ಹಚ್ಚುವ ಹೊತ್ತಿಗೆ ಬಾಗಿಲಿಗೆ ಮುಳ್ಳೇ? ಎತ್ತಿ ಬದಿಗಿಟ್ಟೆ. ಮುಳ್ಳು ಹೋದ ಮೇಲೆ ಕಟ್ಟೆ ಬಣಬಣ ಎನಿಸಿತು. ಹೊಸದು, ಇನ್ನೂ ಸಾರಿಸಿಲ್ಲ, ಹಾಗೆ ಬಿಡಬಾರದು. ಬುಟ್ಟಿಯಲ್ಲಿ ಸಗಣಿ ಇತ್ತು, ಚರಿಗೆಯಲ್ಲಿ ನೀರಿತ್ತು. ಮದುವೆಯಾಗಿ ಬಂದಂದಿನಿಂದ ಸಾರಿಸಿದ ಕೈ ತಲೆಯನ್ನು ಕೇಳುವುದಿಲ್ಲ. ಬಗ್ಗಿ ಒಂದು ಮೂಲೆಯಿಂದ ಶುರುಮಾಡಿದೆ, ಅರ್ಧ ಚಂದ್ರ, ಅದರ ಪಕ್ಕ ಇನ್ನೊಂದು. ಬೆರಳಿನ ಕೆಳಗೆ ಏನೋ ಮೆತ್ತಗಿದೆ ಎನಿಸಿದಾಗ ನಾನು ಇನ್ನೊಂದು ತುದಿ ಮುಟ್ಟಿದ್ದೆ.

"ಆಯೀ! ಸಿಮೆಂಟ್ ಇನ್ನೂ ಹಸಿ ಐತಿ!"

ಕಾವ್ಯಾ ನೀರು ಹಾಕಿ ಸಗಣಿ ತೊಳೆದಳು. ಸಗಣಿ ಹೋಯಿತು. ನನ್ನ ಬೆರಳಿನ ಗೆರೆಗಳು ಹೋಗಲಿಲ್ಲ. ತಿಕ್ಕಿದರೆ ಇನ್ನೂ ಕೆಡುತ್ತದೆಂದು ಹಾಗೇ ಬಿಟ್ಟಳು. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಊಟವಾದರೂ ಸೇರುತ್ತಿತ್ತು.

ಮರುದಿನ ಮಾಸ್ತರರು ಬಂದರು. ನಿಮ್ಮ ಮಾಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಹಿಂದಿನ ಸಂಜೆ ಅವನು ಹೊಲದಿಂದ ತಡವಾಗಿ ಬಂದದ್ದರಿಂದ ಅವನಿಗೆ ವಿಷಯ ಗೊತ್ತಿರಲಿಲ್ಲ.

"ನೋಡ್ರಿ ಸರ, ಹುಡುಗ್ಯಾರ ಗಿಲಾವು. ಅದಕ ಹೇಳಿದ್ನಿ ಇದು ಇವರ ಕೆಲಸಲ್ಲ ಅಂತ."

ಮೂವರು ಹುಡುಗಿಯರೂ ನೆಲ ನೋಡುತ್ತ ನಿಂತರು. ಒಬ್ಬಳೂ ನನ್ನ ಹೆಸರೆತ್ತಲಿಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ. ಗಂಡಸರ ಎದುರಿಗೆ ಹೊಸ್ತಿಲು ದಾಟಿದ್ದು ಹೇಗೋ ಗೊತ್ತಿಲ್ಲ, ದಾಟಿದೆ.

"ಹುಡುಗ್ಯಾರದಲ್ರೀ ಸರ. ಅದು ನಂದು. ನಾ ಸಾರಿಸಿದ್ದು."

ಮಾಸ್ತರರು ನನ್ನ ಕೈ ನೋಡಿದರು, ಕಟ್ಟೆ ನೋಡಿದರು, ಆಮೇಲೆ ಕಾವ್ಯಾಳ ಕಡೆ ತಿರುಗಿದರು. "ಹಸಿ ಕೆಲಸ ಬಿಟ್ಟು ಹೋಗೂಮುಂದ ಮುಳ್ಳು ಹಾಕಬೇಕಂತ ಹೇಳಿದ್ದಿಲ್ಲ?"

"ಹಾಕಿದ್ವಿರಿ ಸರ. ನಾಯಿ ಬರತಾವ ಅಂದಿದ್ರಿ. ಆಯಿ ಬರತಾಳಂತ ಅಂದಿದ್ದಿಲ್ಲ."

ಮಾಸ್ತರರು ನಕ್ಕುಬಿಟ್ಟರು. ನಕ್ಕರೂ ಪರೀಕ್ಷೆ ಬಿಡಲಿಲ್ಲ. ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೋಡಿದರು, ಗೋಡೆ ನೆಟ್ಟಗಿತ್ತು. ಮೂಲೆ ಅಳೆದರು, ಸರಿಯಿತ್ತು. ಮೇಲೆ ಒಂದು ಚರಿಗೆ ನೀರು ಸುರಿದರು. ನೀರು ಬಾಗಿಲ ಕಡೆ ಬಾರದೆ ನನ್ನ ಗೆರೆಗಳಲ್ಲಿ ಸುತ್ತಿ ಸುಳಿದು ಬೀದಿಗೆ ಇಳಿಯಿತು.

"ಕೆಲಸ ಪಾಸ್. ನುಣುಪಿನ ಮಾರ್ಕ್ಸ್ ಮಾತ್ರ ಕಟ್" ಎಂದರು. "ತೆಳ್ಳಗ ಇನ್ನೊಂದು ಪದರು ಎಳದ್ರ ಈ ಗೆರಿ ಮುಚ್ಚತಾವು. ಅರ್ಧ ತಾಸಿನ ಕೆಲಸ."

ಕಾವ್ಯಾ ಕರಣಿ ತರಲು ಓಡಿದಳು. ಅಷ್ಟರಲ್ಲಿ ನಿಮ್ಮ ಮಾಮ ಕಟ್ಟೆಯ ಮೇಲೆ ಕೂತಿದ್ದ. ಒಂದು ಗೆರೆಯ ಮೇಲೆ ಬೆರಳಾಡಿಸುತ್ತ ಹೇಳಿದ: "ಅವ್ವಾ, ಸಣ್ಣಾಂವಿದ್ದಾಗ ಇಂಥಾ ಗೆರಿ ಮ್ಯಾಲೆ ನಾ ಕಡ್ಡಿಪೆಟಗಿ ಬಸ್ಸು ಓಡಸ್ತಿದ್ನಿ. ದಿನಾ ಮುಂಜಾನೆ ನೀ ಸಾರಿಸಿ ರಸ್ತಾ ಬದಲ ಮಾಡಿರತಿದ್ದಿ."

ನನಗೆ ಅದು ಗೊತ್ತೇ ಇರಲಿಲ್ಲ ಮಕ್ಕಳೇ. ನಾನು ಬರೀ ನೆಲ ಸಾರಿಸುತ್ತಿದ್ದೇನೆ ಎಂದುಕೊಂಡಿದ್ದೆ.

"ಇರಲಿ ಬಿಡ್ರಿ ಸರ. ಮುಚ್ಚೂದು ಬ್ಯಾಡ" ಎಂದು ಎದ್ದ. ಹೋಗುವಾಗ ಬೇರೆ ಯಾರದೋ ವಿಷಯವೆಂಬಂತೆ, "ಹಿತ್ತಲದ ಗ್ವಾಡಿನೂ ಬಿದ್ದೈತ್ರಿ. ಮುಂದಿನ ವರ್ಷ ಹತ್ತನೇತ್ತೆ ಹುಡುಗ್ಯಾರಿಗೆ ಕೆಲಸ ಬೇಕಾದ್ರ ಹೇಳ್ರಿ" ಎಂದ.

ಲಕ್ಷ್ಮೇಶ್ವರದ ಶಾಲೆಯ ಮಾತು ಅಲ್ಲಿಗೆ ನಿಂತಿತು. ಕಾವ್ಯಾಳ ಕಣ್ಣು ತುಂಬಿ ಬಂದದ್ದನ್ನು ನೋಡಿದೆ. ಆದರೂ ಅವಳ ಬಾಯಿ ಸುಮ್ಮನಿರಲಿಲ್ಲ: "ಸರ, ಆ ಕಟ್ ಆದ ಮಾರ್ಕ್ಸ್ ಆಯಿ ಹೆಸರಿಗೆ ಬರಕೋರಿ!"

ಈಗ ದಿನಾ ಸಂಜೆ ನಾನು ಅಲ್ಲೇ ಕೂಡುತ್ತೇನೆ. ಮೊದಮೊದಲು ಅಂಚಿಗೆ ಕೂಡುತ್ತಿದ್ದೆ, ಈಗ ನಡುವೆ. ಹೋಗುವವರು ಬರುವವರು "ಯಾವ ಗೌಂಡಿ ಕಡೆ ಕಟ್ಟಿಸಿದ್ರಿ?" ಎಂದು ಕೇಳುತ್ತಾರೆ. ಹೇಳಲು ಇನ್ನೂ ನಾಚಿಕೆ, ಒಳಗಿರುವ ಕಾವ್ಯಾಳ ಕಡೆ ಕೈ ತೋರಿಸುತ್ತೇನೆ. ಬೆಳಿಗ್ಗೆ ಎಂದಿನಂತೆ ಎದ್ದು ಕಟ್ಟೆಯ ಕಸ ಹೊಡೆಯುತ್ತೇನೆ, ನೀರು ಹಾಕುತ್ತೇನೆ, ರಂಗೋಲಿ ಎಳೆಯುತ್ತೇನೆ. ಹಾಲಿನವನೂ ಕೋಳಿಯೂ ತಮ್ಮ ಕೆಲಸ ಮಾಡುತ್ತಾರೆ. ಸಾರಿಸುವುದನ್ನು ಮಾತ್ರ ಬಿಟ್ಟಿದ್ದೇನೆ. ಸಾರಿಸಿಯೇ ಇದೆಯಲ್ಲ.