ಮನಿ ನಂಬರು

ಔರಾದಿನ ವಿಮಾ ಕಚೇರಿಯಲ್ಲಿ ನನ್ನ ಕುರ್ಚಿಯ ಹಿಂದೆ ‘ಗ್ರಾಹಕರ ಮಾಹಿತಿ ಗೋಪ್ಯ’ ಎಂಬ ಫಲಕವಿತ್ತು. ಬೀದರಿನ ಮೈಲೂರಿನಿಂದ ದಿನಾ ಬಸ್ಸಿಗೆ ಬರುತ್ತಿದ್ದ ನಾನು ಅದರ ಮೊಳೆಗೆ ಬುತ್ತಿಚೀಲ ತೂಗುಹಾಕುತ್ತಿದ್ದೆ. ಬಹಳ ವರ್ಷ ಆ ಫಲಕದಿಂದ ನನಗಾದ ಉಪಯೋಗ ಅಷ್ಟೇ.

ಚಿಂತಾಕಿಯ ಹೆಣ್ಣುಮಗಳೊಬ್ಬಳು ತನ್ನ ಪಾಲಿನ ಕುರಿ ಮಾರಿ ಪಾಲಿಸಿ ಮಾಡಿಸಿದಾಗ ಅರ್ಜಿ ತುಂಬಿದವಳು ನಾನೇ. ಗಂಡ ತೀರಿಕೊಂಡಿದ್ದ, ಮಗಳನ್ನು ನರ್ಸಿಂಗ್ ಓದಿಸಬೇಕೆಂಬುದೊಂದೇ ಅವಳ ಹಟ. ಫೋನ್ ನಂಬರು ಕೇಳಿದೆ.

“ಮನಿ ನಂಬರ ಬರೀರಿ” ಎಂದಳು.

ನಮ್ಮ ಕಡೆ ಮನಿ ನಂಬರು ಅಂದರೆ ಮನೆಯ ಗಂಡಸಿನ ಜೇಬಿನಲ್ಲಿರುವ ಫೋನು. ಅದು ಅವಳ ಮೈದುನನದು. ಗೊತ್ತಿದ್ದೂ ಬರೆದೆ.

ಪಾಲಿಸಿ ಮುಗಿಯುವ ಹೊತ್ತಿಗೆ ಹಣ ಬರಲಿದೆ ಎಂಬ ಕಂಪನಿಯ ಮೆಸೇಜು ನೆಟ್ಟಗೆ ಆ ಜೇಬಿಗೇ ಹೋಯಿತು. ಮರುದಿನ ಮೈದುನ ಹಾಜರು.

“ನಮ್ಮ ವೈನೀದು ಎಷ್ಟ ಬರ್ತದ್ರಿ? ಹೊಲದಾಗ ಬೋರ್ ಹೊಡಸಬೇಕಂತ ಮಾಡೀನಿ.”

ಮನೆಯವರು ಕೇಳಿದರೆ ಹೇಳಿಬಿಡುವುದೇ ನನ್ನ ರೂಢಿ. ಅದನ್ನೇ ಸೌಜನ್ಯ ಅಂದುಕೊಂಡಿದ್ದೆ. ಬೋರಿನ ಮಾತು ಕೇಳಿ, ಬಾಯಿಗೆ ಬಂದಿದ್ದ ಮೊತ್ತವನ್ನು ತಡೆದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

“ಅದು ಅವರಿಗಷ್ಟೇ ಹೇಳಬೇಕ್ರಿ.”

“ನಾ ಏನು ಹೊರಗಿನಾವೇನ್ರಿ?”

“ಹೊರಗಿನವರಲ್ರಿ. ಆದರ ಈ ಕಾಗದಕ್ಕ ಅವರೊಬ್ಬರೇ ಒಳಗಿನವರು.”

ದುರುಗುಟ್ಟಿ ನೋಡಿ ಹೋದ. ಮನೆಯಲ್ಲಿ ಅವಳ ಮೇಲೆ ಹರಿಹಾಯುತ್ತಾನೇನೋ ಎಂದು ನನಗೆ ಆ ದಿನ ಊಟ ಸೇರಲಿಲ್ಲ.

ಎರಡು ದಿನಕ್ಕೆ ಅವಳೇ ಮಗಳ ಜೊತೆ ಬಂದಳು. “ತಪ್ಪು ನಂದೇ ಅದವಾ, ಆ ನಂಬರ ಬರೀಬಾರದಿತ್ತು” ಎಂದೆ.

“ಇರ್ಲಿ ಬಿಡ್ರಿ ಅಕ್ಕಾರ. ಮೈದುನ ಎರಡು ದಿನ ನನ್ನ ಜೋಡಿ ಮಾತಾಡಲಿಲ್ಲ. ಇವತ್ತ ಅವನೇ ಬಸ್ಸಿಗಿ ಹತ್ತಿಸ್ಯಾನ. ‘ನನಗ ಹೇಳಂಗಿಲ್ಲಂತ, ನೀನೇ ಹೋಗು’ ಅಂದ.”

ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಮಗಳ ಕಾಲೇಜಿನ ಕಾಗದಗಳು ಆಗಲೇ ಅವಳ ಕೈಚೀಲದಲ್ಲಿದ್ದವು. ನಂಬರು ಬದಲಿಸುವ ಅರ್ಜಿ ತೆಗೆದೆ. ಮಗಳು ತನ್ನ ನಂಬರು ಹೇಳತೊಡಗಿದಳು.

“ನಿಂದ್ಯಾಕ?” ಎಂದು ತಾಯಿ ಸೊಂಟದ ಚಂಚಿಯಿಂದ ಸಣ್ಣದೊಂದು ಹೊಸ ಫೋನು ತೆಗೆದು ಮೇಜಿನ ಮೇಲಿಟ್ಟಳು. “ನಂದು ಬರೀರಿ.”

ನಾನು ಒಂದೊಂದೇ ಅಂಕಿ ಬರೆಯುತ್ತ ರೂಢಿಯಂತೆ ಗಟ್ಟಿಯಾಗಿ ಓದತೊಡಗಿದೆ. ಅವಳು ಹಿಂದೆ ಸಾಲಿನಲ್ಲಿ ನಿಂತವರನ್ನು ನೋಡಿ, ನನ್ನ ಕಡೆ ಬಾಗಿದಳು.

“ಸಣ್ಣಗ ಓದ್ರಿ, ಅಕ್ಕಾರ.”