ಸಡಿಲಗೊಂಡ ಭುಜ

ನನ್ನ ಭಾವನನ್ನು ಬೀದಿಯವರು ಕರೆಯುವುದೇ ಉಳುಕಣ್ಣ ಎಂದು. ಕತ್ತು ಉಳುಕಿದವರು, ಸೊಂಟ ಹಿಡಿದುಕೊಂಡವರು, ತೋಳು ಎತ್ತಲಾಗದವರು ಎಲ್ಲರೂ ಅವರ ಎಣ್ಣೆ ಕೋಣೆಗೆ ಬರುತ್ತಾರೆ. ಅಲ್ಲಿರುವುದು ಒಂದು ಉದ್ದನೆಯ ಬೆಂಚು, ಎಣ್ಣೆ ಕಾಯಿಸುವ ಸ್ಟವ್, ಒಗೆದು ಒಗೆದು ಬಣ್ಣಗೆಟ್ಟ ಟವೆಲುಗಳು. ಎಲ್ಲಾದರೂ ಬಿಗಿ ಕಂಡರೆ ಭಾವನಿಗೆ ಆಗಿಬರುವುದಿಲ್ಲ. ಬಸ್ಸಿನಲ್ಲಿ ಮುಂದೆ ಕೂತ ಅಪರಿಚಿತನ ಕತ್ತು ಬಿಗಿದಿದ್ದರೂ ಅವರ ಹೆಬ್ಬೆರಳು ಸುಮ್ಮನಿರುವುದಿಲ್ಲ.

ಇಂಥವರಿಗೆ ಅವರದೇ ಬಲಭುಜ ಕೈಕೊಟ್ಟಿತು. ವರ್ಷಗಟ್ಟಲೆ ನೋವು ನುಂಗಿಕೊಂಡು ಕಂಡವರ ಮೈ ತಿಕ್ಕಿದರು. ಕೊನೆಗೆ ಅಂಗಿ ತೊಡಲೂ ಆಗದಾಗ ಅಕ್ಕ ಹಟ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಹಿಂದೆ ನಾನು. ಡಾಕ್ಟರಮ್ಮ ಸ್ಕ್ಯಾನ್ ತೋರಿಸಿದರು. ಮಾಂಸಖಂಡವನ್ನು ಮೂಳೆಗೆ ಕಟ್ಟಿಹಾಕುವ ಸ್ನಾಯುರಜ್ಜು ಹರಿದಿತ್ತು. ಕೆಲಸವಿಲ್ಲದ ಮಾಂಸಖಂಡ ಸೊರಗಿ, ಅದರೊಳಗೆ ಕೊಬ್ಬು ಸೇರಿಕೊಳ್ಳತೊಡಗಿತ್ತು.

ಶಸ್ತ್ರಚಿಕಿತ್ಸೆ ಆಯಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಹೇಳಿದರು: "ನಾನು ಹೊಲಿದಿದ್ದೀನಿ ಅಷ್ಟೆ. ಅದು ಮೂಳೆಗೆ ಅಂಟ್ಕೊಳ್ಳೋಕೆ ತಿಂಗಳುಗಟ್ಟಲೆ ಬೇಕು. ಅಲ್ಲೀವರೆಗೂ ಭುಜ ಬಿಗಿಯಾಗೇ ಇರುತ್ತೆ, ಇರ್ಲಿ ಬಿಡಿ. ನಾವು ಹೇಳ್ಕೊಟ್ಟಷ್ಟೇ ಅಲ್ಲಾಡ್ಸಿ. ಇನ್ನೊಂದ್ಸಲ ಹರಿದ್ರೆ ಹೊಲಿಯೋಕೆ ಗಟ್ಟಿಯಾಗಿರೋದು ಅಲ್ಲೇನೂ ಉಳಿದಿಲ್ಲ."

ಭಾವ ಕೋಲೆಬಸವನ ಹಾಗೆ ತಲೆಯಾಡಿಸಿದರು.

ಕೆಲವು ವಾರ ಕೈಯನ್ನು ಪಟ್ಟಿಯಲ್ಲಿ ಕತ್ತಿಗೆ ನೇತುಹಾಕಿಕೊಂಡು, ಮುಖ ಊದಿಸಿಕೊಂಡು ಕೂತರು. ಆಮೇಲೆ ಇದ್ದಕ್ಕಿದ್ದಂತೆ ಗೆಲುವಾದರು. ನನಗೆ ಆ ಗೆಲುವೇ ಹಿಡಿಸಲಿಲ್ಲ. ಅಕ್ಕ ಕೆಲಸಕ್ಕೆ ಹೋದ ಮೇಲೆ ಎಣ್ಣೆ ಕೋಣೆಗೆ ಒಳಗಿನಿಂದ ಚಿಲಕ ಬೀಳುತ್ತಿತ್ತು. ಗಿರಾಕಿಗಳೇ ಇಲ್ಲದ ಕೋಣೆಯಿಂದ ಕಾದ ಎಣ್ಣೆಯ ವಾಸನೆ ಬರುತ್ತಿತ್ತು. ಕೈಪಟ್ಟಿಯ ಅಂಚು ದಿನದಿನಕ್ಕೆ ಜಿಡ್ಡಾಗುತ್ತಾ ಬಂತು.

"ಒಳಗೇನ್ ಮಾಡ್ತೀರಿ ಭಾವ?" ಎಂದು ಕೇಳಿಯೇಬಿಟ್ಟೆ.

"ನಿನ್ನ ಭುಜಕ್ಕೇನೂ ಮಾಡ್ತಿಲ್ಲ, ಸುಮ್ನಿರು. ಊರೋರ ಬಿಗಿಯೆಲ್ಲ ಬಿಡ್ಸಿದೋನು ನಾನು. ನಂದೇ ಮರದ ಕೊರಡಾದ್ರೆ ನೋಡ್ಕೊಂಡ್ ಕೂತಿರ್ಲಾ?"

ಅಕ್ಕನಿಗೆ ಹೇಳಿದೆ. ಅವಳು ಸೂರು ಹಾರಿಹೋಗುವಂತೆ ಕೂಗಾಡಿದಳು. ಎಣ್ಣೆಯ ವಾಸನೆ ಮಾತ್ರ ನಿಲ್ಲಲಿಲ್ಲ.

ಒಂದು ಸಂಜೆ ಭಾವ ನಮ್ಮಿಬ್ಬರನ್ನೂ ಕೋಣೆಗೆ ಕರೆದರು. ಅಂಗಿಯಿಲ್ಲ, ಕೈಪಟ್ಟಿಯೂ ಇಲ್ಲ. ಎಡಗೈಯಿಂದ ಬಲ ಮೊಣಕೈ ಹಿಡಿದು ಮೇಲೆತ್ತಿದರು. ತೋಳು ಎಣ್ಣೆ ಬಿಟ್ಟ ಕೀಲಿನ ಹಾಗೆ ಸಲೀಸಾಗಿ ಕಿವಿಯವರೆಗೂ ಹೋಯಿತು.

"ನೋಡಿದ್ರಾ? ಒಂಚೂರೂ ನೋವಿಲ್ಲ," ಎಂದು ಬೀಗಿದರು. ಅಕ್ಕನ ಕಣ್ಣು ತುಂಬಿಬಂತು. ನನಗೆ ಮಾತ್ರ ಡಾಕ್ಟರಮ್ಮನ ಮಾತು ನೆನಪಾಯಿತು. ಇಷ್ಟು ಬೇಗ ಇಷ್ಟು ಸಲೀಸಾಗಬಾರದಿತ್ತು.

"ಎಡಗೈ ತೆಗೀರಿ ಭಾವ."

"ಯಾಕೋ?"

"ತೆಗೀರಿ ಅಂದ್ನಲ್ಲ."

ತೆಗೆದರು. ಬಲಗೈ ಧೊಪ್ಪೆಂದು ತೊಡೆಯ ಮೇಲೆ ಬಿತ್ತು. ನಗುತ್ತಲೇ ಇನ್ನೊಮ್ಮೆ ಎತ್ತಲು ನೋಡಿದರು. ಭುಜವಷ್ಟೇ ಕಿವಿಯ ಕಡೆಗೆ ಏರಿತು, ಕೈ ಬಿದ್ದಲ್ಲೇ ಇತ್ತು.

ಭಾವ ಎಡ ಹೆಬ್ಬೆರಳನ್ನು ಭುಜದ ಮೇಲಿಟ್ಟು, ಗಿರಾಕಿಯ ಮೈ ನೋಡುವವರಂತೆ ಕಣ್ಣು ಮುಚ್ಚಿ ಒತ್ತಿ ಒತ್ತಿ ಹುಡುಕಿದರು. ಹುಡುಕುತ್ತಾ ಹುಡುಕುತ್ತಾ ಅವರ ನಗು ಇಳಿಯಿತು.

"ಏನ್ರೀ?" ಎಂದಳು ಅಕ್ಕ.

"ಡಾಕ್ಟರಮ್ಮಂಗೆ ಫೋನ್ ಮಾಡು," ಎಂದರು ಭಾವ. "ಅವರು ಹೊಲಿದಿದ್ದನ್ನ ನಾನೇ ಬಿಡಿಸ್ಬಿಟ್ಟೆ ಅಂತ ಹೇಳು."