ಅಡ್ಡದ್ದು ಮೇಷ್ಟ್ರಿಗೆ, ಉದ್ದದ್ದು ಅಮ್ಮನಿಗೆ

ಮನೆಗೊಂದು ಪೇಪರ್ ಎಂಬ ದುಂದುಗಾರಿಕೆ ಆಗಿನ್ನೂ ಚಾಮರಾಜಪೇಟೆಯ ನಮ್ಮ ವಠಾರಕ್ಕೆ ಬಂದಿರಲಿಲ್ಲ. ತೊಂಬತ್ತರ ದಶಕದ ನಡುಭಾಗ. ಪೇಪರ್ ತರಿಸುತ್ತಿದ್ದವರು ಪಕ್ಕದ ಮನೆಯ ಮೇಷ್ಟ್ರು, ಓದುತ್ತಿದ್ದವರು ಎಲ್ಲರೂ. ಮೇಷ್ಟ್ರು ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದು ನಿವೃತ್ತರಾಗಿದ್ದರು. ಬೆಳಗಿನ ಕಾಫಿಯ ಜೊತೆ ಪದಬಂಧ ಮುಗಿಸದೆ ಸ್ನಾನಕ್ಕೆ ಏಳುತ್ತಿರಲಿಲ್ಲ. ಮುಗಿಸುವುದೆಂದರೆ ಅರ್ಧ ಮುಗಿಸುವುದು. ಅಡ್ಡ ಸಾಲುಗಳು ಅವರವು, ಉದ್ದ ಸಾಲುಗಳು ನಮ್ಮಮ್ಮನವು. ಹಿತ್ತಿಲಲ್ಲಿ ಎರಡು ಮನೆಗಳ ನಡುವೆ ಎದೆಯೆತ್ತರದ ಗೋಡೆಯಿತ್ತು. ತಮ್ಮ ಪಾಲು ತುಂಬಿಸಿ ಅವರು ಪೇಪರನ್ನು ಗೋಡೆಯ ಮೇಲಿಟ್ಟರೆ, ಅಮ್ಮ ಬಟ್ಟೆ ಒಗೆಯುವುದನ್ನು ಬಿಟ್ಟು ಸೆರಗಿಗೆ ಕೈ ಒರೆಸಿಕೊಂಡು ಎತ್ತಿಕೊಳ್ಳುತ್ತಿದ್ದಳು.

ಅದು ಅರ್ಥ ಗೊತ್ತಿದ್ದರೆ ಸಾಕು ಎನ್ನುವಂಥ ಪದಬಂಧವಲ್ಲ. ಪ್ರತಿಯೊಂದು ಸುಳಿವೂ ಸ್ವಲ್ಪ ಕೀಟಲೆ ಮಾಡುತ್ತಿತ್ತು. 'ಹಿಂದೆ ತಿರುಗಿದ ಕೋತಿ ಇಂಪಾಗಿ ಹಾಡುತ್ತದೆ, ಎರಡಕ್ಷರ' ಎಂದಿರುತ್ತಿತ್ತು. ಅಮ್ಮ 'ಪಿಕ' ಎಂದು ಹೇಳಿಬಿಟ್ಟರೆ ಮೇಷ್ಟ್ರು ಒಪ್ಪುತ್ತಿರಲಿಲ್ಲ.

"ಹೇಗೆ?"

"ಕೋತಿ ಅಂದ್ರೆ ಕಪಿ. ಕಪೀನ ತಿರುಗಿಸಿದ್ರೆ ಪಿಕ. ಪಿಕ ಅಂದ್ರೆ ಕೋಗಿಲೆ, ಹಾಡುತ್ತಲ್ಲ ಮೇಷ್ಟ್ರೇ."

"ಹಾಂ. ಈಗ ಬರಿ."

ಉತ್ತರ ಸರಿಯಿದ್ದರೂ ಹೇಗೆ ಎಂದು ಹೇಳಲಾಗದಿದ್ದರೆ ಆ ಮನೆ ಖಾಲಿಯೇ ಉಳಿಯಬೇಕು. ಇದು ಮೇಷ್ಟ್ರ ಕಾನೂನು. ಬಿ.ಎ. ಎರಡನೇ ವರ್ಷಕ್ಕೆ ಮದುವೆಯಾಗಿ ಓದು ಬಿಟ್ಟಿದ್ದ ಅಮ್ಮನಿಗೆ ಅದು ದಿನಾ ನಡೆಯುವ ಪರೀಕ್ಷೆಯಾಗಿತ್ತು, ಆ ಪರೀಕ್ಷೆ ಅವಳಿಗೆ ತುಂಬಾ ಇಷ್ಟವಿತ್ತು. ಅಪ್ಪ ಮಾತ್ರ ಶೇವ್ ಮಾಡಿಕೊಳ್ಳುತ್ತಾ, "ಪದ ಬಂತು, ತಿಂಡಿ ಬರ್ಲಿಲ್ಲ," ಎಂದು ಕನ್ನಡಿಯೊಳಗಿಂದಲೇ ರೇಗಿಸುತ್ತಿದ್ದ.

ನಾನು ಆರನೇ ಕ್ಲಾಸಿನ ಪರೀಕ್ಷೆ ಮುಗಿಸಿದ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡ. ಆಫೀಸಿನಲ್ಲಿ ಎದೆನೋವು ಬಂತಂತೆ, ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಮುಗಿಯಿತಂತೆ. ನನಗೆ ಈಗಲೂ ಅದು 'ಅಂತೆ' ಎಂದೇ ಗೊತ್ತು. ಬಂದವರೆಲ್ಲ ನನ್ನನ್ನು ತಬ್ಬಿಕೊಂಡು ನಾನು ಅಳಲಿ ಎಂದು ಕಾಯುತ್ತಿದ್ದರು. ನನಗೆ ಅಳು ಬರಲಿಲ್ಲ. ದುಃಖವೂ ಅಷ್ಟಾಗಿ ಇರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಕೈಯನ್ನು ತುಂಬಾ ಹೊತ್ತು ತಣ್ಣೀರಿನಲ್ಲಿಟ್ಟರೆ ಆಗುತ್ತದಲ್ಲ, ಮೈಯೆಲ್ಲಾ ಹಾಗಾಗಿತ್ತು. ಸೂತಕದ ಅಡುಗೆಗೆ ಒಗ್ಗರಣೆ ಇಲ್ಲ. ಸಾರಿಗೆ ಇಂಗಿನ ವಾಸನೆಯಿಲ್ಲ, ಪಲ್ಯದಲ್ಲಿ ಸಾಸಿವೆ ಇಲ್ಲ. ಆ ಸಪ್ಪೆ ಊಟದಲ್ಲಿ ನನಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಬೀದಿಯಲ್ಲಿ ಹುಡುಗಿಯರು ಕುಂಟೆಬಿಲ್ಲೆ ಆಡುವ ಸದ್ದು ಕೇಳಿಸಿದರೂ ಹೋಗಬೇಕು ಅನ್ನಿಸುತ್ತಿರಲಿಲ್ಲ.

ಅಮ್ಮ ನಡುಮನೆಯ ಗೋಡೆಗೆ ಒರಗಿ ಕೂತವಳು ಮಾತು ಬಿಟ್ಟಳು. ಏಳು ಎಂದರೆ ಏಳುವಳು, ಉಣ್ಣು ಎಂದರೆ ಎರಡು ತುತ್ತು ಉಣ್ಣುವಳು. ಕರೆದರೆ ಓಗೊಡುತ್ತಿರಲಿಲ್ಲ. ಅಡುಗೆಮನೆ ಹಿಡಿದಿದ್ದವರು ಅವಳ ಅಕ್ಕ, ಮತ್ತಿಕೆರೆಯ ದೊಡ್ಡಮ್ಮ. ಅವರು ಯಾರೊಡನೆಯೋ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

"ಇವಳು ಹೀಗೇ ಇದ್ರೆ ಮಗೂನ ಯಾರು ನೋಡ್ಕೋತಾರೆ? ವೈಕುಂಠ ಸಮಾರಾಧನೆ ಆಗ್ಲಿ, ನಾನೇ ಕರ್ಕೊಂಡು ಹೋಗ್ತೀನಿ. ಅಲ್ಲೇ ಸ್ಕೂಲಿಗೆ ಹಾಕಿದ್ರಾಯ್ತು."

ದೊಡ್ಡಮ್ಮ ಕೆಟ್ಟವರಲ್ಲ, ಅವರ ಮನೆಯಲ್ಲಿ ಟೀವಿಯೂ ಇತ್ತು. ಆದರೆ ನಾನು ಹೋದರೆ ಅಮ್ಮನಿಗೆ 'ಏಳು' ಎನ್ನುವವರೂ ಇರುವುದಿಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಸಮಾರಾಧನೆಯೊಳಗೆ ಅಮ್ಮ ಮಾತಾಡಬೇಕು. ಹೇಗೆ ಮಾತಾಡಿಸುವುದೆಂದು ನನಗೆ ಗೊತ್ತಿರಲಿಲ್ಲ.

ಆಗ ಮೇಷ್ಟ್ರು ಗೋಡೆಯ ಆಚೆಯಿಂದ ಓದಲು ಶುರುಮಾಡಿದರು. ಅವರ ಹೆಂಡತಿಗೆ ಮಡಿ ಜಾಸ್ತಿ. ಸೂತಕದ ಮನೆಗೆ ಹೋದ ಪೇಪರ್ ಮತ್ತೆ ತಮ್ಮ ಹೊಸ್ತಿಲು ದಾಟಕೂಡದು ಎಂದಿದ್ದರು. ಪೇಪರ್ ಬರುವಂತಿಲ್ಲದಿದ್ದರೆ ದನಿ ಬರಬಹುದಲ್ಲ, ದನಿಗೆ ಯಾವ ಮೈಲಿಗೆ.

"ಸರೋಜಾ, ಉದ್ದದ್ದು ಓದ್ತೀನಿ, ಕೇಳಿಸ್ಕೋ."

ತರಗತಿಯ ಕೊನೆಯ ಬೆಂಚಿಗೂ ಮುಟ್ಟುವ ಗಂಟಲು. ಒಂದು ಸುಳಿವು ಓದಿ, ಸ್ವಲ್ಪ ಕಾದು, ಒಳಗಿನಿಂದ ಸದ್ದಿಲ್ಲವೆಂದಾದಾಗ ತಾವೇ ಉತ್ತರ ಹೇಳಿ, ಹೇಗೆ ಎಂದು ತಾವೇ ಕೇಳಿಕೊಂಡು, ತಾವೇ ವಿವರಿಸುತ್ತಿದ್ದರು. "ಸಾವಿನ ಮನೇಲಿ ಇದೆಂಥ ಆಟ," ಎಂದು ದೊಡ್ಡಮ್ಮ ಗೊಣಗಿದರು. ನಾನು ಒಗೆಯುವ ಕಲ್ಲಿನ ಮೇಲೆ ನಿಂತು ಕೇಳಿಸಿಕೊಂಡು, ಒಳಗೆ ಓಡಿಹೋಗಿ ಅಮ್ಮನ ಮುಂದೆ ಅದನ್ನೇ ಒಪ್ಪಿಸುತ್ತಿದ್ದೆ. ಅವಳು ನನ್ನನ್ನು ನೋಡುತ್ತಿದ್ದಳು ಅಷ್ಟೇ. ಹೀಗೆ ಕೆಲವು ದಿನ ನಡೆಯಿತು.

ಒಂದು ಬೆಳಿಗ್ಗೆ ಅವರು ಓದಿದ್ದು ತೀರಾ ಸುಲಭದ್ದು. 'ಹಿಂದಕ್ಕೆ ಹರಿದ ನದಿಗೆ ಇಪ್ಪತ್ನಾಲ್ಕು ಗಂಟೆ.' ನದಿಯನ್ನು ತಿರುಗಿಸಿದರೆ ದಿನ. ನನಗೇ ಹೊಳೆದುಬಿಟ್ಟಿತ್ತು. ಮೇಷ್ಟ್ರು ಮಾತ್ರ, "ಕಾಲ. ಬರ್ಕೊಂಡೆ," ಎಂದು ಮುಂದಿನದಕ್ಕೆ ಹೋದರು.

ನಾನು ಒಳಗೆ ಹೋಗಿ, "ಅಮ್ಮ, ಮೇಷ್ಟ್ರು ತಪ್ಪು ಹೇಳ್ತಿದಾರೆ," ಎಂದೆ. ಅಮ್ಮ ಹಿತ್ತಿಲ ಬಾಗಿಲಿನ ಕಡೆ ಕತ್ತು ತಿರುಗಿಸಿದಳು.

ಮರುದಿನ ಅವರು ಓದಿದರು. "ಮೊದಲ ಹೆಜ್ಜೆ ಇಡದ ಪ್ರವಾಸ ಮನೆಯಲ್ಲೇ ಉಳಿಯಿತು. ಎರಡಕ್ಷರ." ಕಾದರು. "ಗೃಹ. ಮನೆ ಅಂದ್ರೆ ಗೃಹ, ಇನ್ನೇನು."

"ಅಲ್ಲ."

ದೊಡ್ಡಮ್ಮ ಅಕ್ಕಿ ಆರಿಸುತ್ತಿದ್ದವರು ಮೊರ ಹಿಡಿದುಕೊಂಡೇ ಎದ್ದು ನಿಂತರು. ಅಮ್ಮನ ದನಿ ಒಡೆದುಹೋಗಿತ್ತು, ಬೇರೆ ಯಾರದೋ ಅನ್ನಿಸುವಂತಿತ್ತು. ಅವಳು ಗೋಡೆ ಹಿಡಿದುಕೊಂಡು ಹಿತ್ತಿಲ ಬಾಗಿಲಿಗೆ ಬಂದಳು.

"ಗೃಹಕ್ಕೆ ಹೇಗೆ ಅಂತ ಹೇಳಕ್ಕಾಗಲ್ಲ ಮೇಷ್ಟ್ರೇ. ಪ್ರವಾಸದಲ್ಲಿ ಮೊದಲಿನ ಪ್ರ ತೆಗೀರಿ. ವಾಸ."

"ವಾಸ," ಎಂದರು ಮೇಷ್ಟ್ರು. "ಹೌದಲ್ಲ."

ಆಮೇಲೆ ಅಮ್ಮ ನನ್ನ ಜಡೆ ನೋಡಿ, "ಯಾರು ಹಾಕಿದ್ದು ಇದು, ಬಾ ಇಲ್ಲಿ," ಎಂದಳು. ಸಮಾರಾಧನೆ ಮುಗಿದ ಮೇಲೆ ದೊಡ್ಡಮ್ಮ ಒಬ್ಬರೇ ಮತ್ತಿಕೆರೆಯ ಬಸ್ಸು ಹತ್ತಿದರು.

ಮೇಷ್ಟ್ರು ಎಷ್ಟು ಜಾಣತನದಿಂದ ಸರೋಜಳನ್ನು ಮಾತಾಡಿಸಿದರು ಎಂದು ವಠಾರವೆಲ್ಲ ಹೊಗಳಿತು. ಅಮ್ಮನೂ ಹಾಗೆಯೇ ತಿಳಿದಿದ್ದಳು. ಸೂತಕ ಕಳೆದ ಮೇಲೆ ಗೋಡೆಯ ಹತ್ತಿರ ಹೋಗಿ, "ಬೇಕಂತಲೇ ತಪ್ಪು ಹೇಳಿದ್ರಿ ಅಲ್ವಾ ಮೇಷ್ಟ್ರೇ," ಎಂದಳು.

"ಯಾವಾಗ?" ಎಂದರು ಮೇಷ್ಟ್ರು.

ಅದನ್ನು ಎಲ್ಲರೂ ದೊಡ್ಡತನವೆಂದುಕೊಂಡರು. ಆದರೆ ಪೇಪರ್ ಮತ್ತೆ ಗೋಡೆ ದಾಟಿ ಬರತೊಡಗಿದಾಗ ಅಡ್ಡ ಸಾಲುಗಳಲ್ಲಿ ಅರ್ಧ ಖಾಲಿ ಇರುತ್ತಿದ್ದವು. ತುಂಬಿದವುಗಳಲ್ಲೂ ಎಷ್ಟೋ ತಪ್ಪು. ಅಮ್ಮ ನನ್ನ ಜಾಮೆಟ್ರಿ ಬಾಕ್ಸಿನಿಂದ ರಬ್ಬರ್ ತೆಗೆದುಕೊಂಡು ಅವರ ಅಕ್ಷರಗಳನ್ನು ಅಳಿಸಿ, ಅವರ ಹಾಗೆಯೇ ದುಂಡಗೆ ಬರೆದು ವಾಪಸ್ ಕೊಡುತ್ತಿದ್ದಳು. ಯಾರಿಗೂ ಹೇಳಬೇಡ ಎಂದಿದ್ದಳು. ಮೇಷ್ಟ್ರಿಗೆ ಮರೆವು ಶುರುವಾಗಿತ್ತು. ಅಮ್ಮನನ್ನು ಎಬ್ಬಿಸಿದ್ದು ಅವರ ಉಪಾಯವಲ್ಲ, ಅವರ ಕಾಯಿಲೆ. ನಮ್ಮ ಮನೆ ಉಳಿದದ್ದು ಅವರು ಕಳೆದುಹೋಗತೊಡಗಿದ್ದರಿಂದ. ಇದನ್ನು ಯೋಚಿಸಿದಾಗ ನನಗೆ ಸಂತೋಷವಾಗಬೇಕೋ ದುಃಖವಾಗಬೇಕೋ ಇವತ್ತಿಗೂ ತಿಳಿಯುವುದಿಲ್ಲ.

ಮುಂದಿನ ವರ್ಷ ಒಂದು ಸಂಜೆ ಅಮ್ಮ ಬಟ್ಟೆ ತೆಗೆಯುತ್ತಿದ್ದಾಗ ಮೇಷ್ಟ್ರು ಗೋಡೆಯ ಹತ್ತಿರ ಬಂದು, "ಯಜಮಾನ್ರು ಆಫೀಸಿಂದ ಬಂದ್ರೇನಮ್ಮ?" ಎಂದರು. ಅಮ್ಮ ಮೆಲ್ಲಗೆ ವಿಷಯ ಹೇಳಿದಳು. ಅವರಿಗೆ ಅದು ಆಗಷ್ಟೇ ಬಂದ ಸುದ್ದಿ. ಗೋಡೆಗೆ ಹಣೆ ಹಚ್ಚಿ ಬಿಕ್ಕಿಬಿಕ್ಕಿ ಅತ್ತರು. ನಮ್ಮಪ್ಪನಿಗಾಗಿ ಯಾರಾದರೂ ಹಾಗೆ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ಕೈಯಲ್ಲಿ ಕ್ಲಿಪ್ಪುಗಳನ್ನು ಹಿಡಿದುಕೊಂಡು ನಿಂತಿದ್ದೆ.

ಕೆಲವು ದಿನಗಳ ಮೇಲೆ ಅವರು ಮತ್ತೆ ಅದನ್ನೇ ಕೇಳಿದರು. ಅಮ್ಮ ಬಟ್ಟೆ ಮಡಿಸುತ್ತಲೇ, "ಇನ್ನೂ ಬಂದಿಲ್ಲ ಮೇಷ್ಟ್ರೇ," ಎಂದಳು.

"ತಡ ಆಯ್ತಲ್ಲ ಇವತ್ತು."

"ಹೂಂ. ಬರ್ತಾರೆ."

ಅವರು ತೃಪ್ತಿಯಿಂದ ತಲೆಯಾಡಿಸಿ ಒಳಗೆ ಹೋದರು. ಅದು ದಿನದ ರೂಢಿಯಾಯಿತು. ಸಂಜೆ ಅವರು ಕೇಳುವುದು, ಅಮ್ಮ ಇನ್ನೂ ಇಲ್ಲ ಎನ್ನುವುದು. ಅಮ್ಮ 'ಬರ್ತಾರೆ' ಎಂದಾಗಲೆಲ್ಲ ನಾನು ವಠಾರದ ಗೇಟಿನ ಕಡೆ ನೋಡುತ್ತಿದ್ದೆ. ಗೊತ್ತಿದ್ದೂ ನೋಡುತ್ತಿದ್ದೆ.

ಈಗ ಆ ವಠಾರವಿಲ್ಲ. ಆ ಜಾಗದಲ್ಲಿ ನಾಲ್ಕು ಮಹಡಿ ಎದ್ದಿದೆ, ಮನೆಗೊಂದಲ್ಲ, ಆಳಿಗೊಂದು ಫೋನಿನಲ್ಲಿ ಪೇಪರ್ ಬರುತ್ತದೆ. ಅಮ್ಮ ಅಡ್ಡದ್ದನ್ನೂ ಉದ್ದದ್ದನ್ನೂ ತಾನೇ ತುಂಬುತ್ತಾಳೆ, ಹೇಗೆ ಎಂದು ಕೇಳುವಷ್ಟು ಬಿಡುವು ನನಗಿಲ್ಲ. ಮೇಷ್ಟ್ರು ನನ್ನ ಪಿಯುಸಿ ಪರೀಕ್ಷೆಯ ಹೊತ್ತಿಗೆ ಹೋದರು. ಎಲ್ಲರೂ ಅಪ್ಪ ಸತ್ತನೆಂದು ತಿಳಿದವರೇ ಆಗಿದ್ದ ಊರಿನಲ್ಲಿ, ಅವನು ಆಫೀಸಿನಿಂದ ಬರುವುದು ಸ್ವಲ್ಪ ತಡವಾಗಿದೆ ಎಂದು ನಂಬಿದ್ದವರು ಅವರೊಬ್ಬರೇ. ಅವರು ಹೋದ ದಿನ ಸಂಜೆ ಅಮ್ಮ ಒಣಗಿದ ಬಟ್ಟೆ ತೆಗೆದುಕೊಂಡು ಗೋಡೆಯ ಬಳಿ ಸ್ವಲ್ಪ ಹೊತ್ತು ನಿಂತಳು. ಯಾರೂ ಕೇಳಲಿಲ್ಲ. ಅಪ್ಪ ನಮ್ಮ ಪಾಲಿಗೆ ಸತ್ತದ್ದು ಆವತ್ತು.